ನೀಲಿ ಕಂಬಗಳ್ಳಿಗೆ ಏನಾಗಿದೆ? ಬುಡದಿಂದ ತುದಿಯವರೆಗೆ ಓದುವ ಬಗೆ

ಎರಡು ಗಿಡ ತಂದಿದ್ದೆ. ಎರಡಕ್ಕೂ ಒಂದೇ ಚೀಟಿ: ನೀಲಿ ಸೀರಿಯಸ್ (Cereus), ಅಂದರೆ ಕಂಬದ ಹಾಗೆ ಬೆಳೆಯುವ ಒಂದು ಕ್ಯಾಕ್ಟಸ್. ಎರಡೂ ಗೇಣುದ್ದ ಇದ್ದವು. ಒಂದೇ ಮಣ್ಣು ಹಾಕಿದೆ, ಒಂದೇ ಕಡೆ ಇಟ್ಟೆ, ಒಂದೇ ದಿನ ನೀರು ಕೊಟ್ಟೆ. ಚಳಿ ಮುಗಿಯುವ ಹೊತ್ತಿಗೆ ಒಂದು ಏನೂ ಆಗದವರ ಹಾಗೆ ನಿಂತಿತ್ತು. ಇನ್ನೊಂದರ ಮೈಮೇಲೆ ಕಿತ್ತಳೆ ಬಣ್ಣದ ಚುಕ್ಕೆ, ಬುಡ ಮೆತ್ತಗೆ. ಶಿಲೀಂಧ್ರನಾಶಕ ಹೊಡೆದೆ. ಆಗಲಿಲ್ಲ, ಬೇರೆ ಕಂಪನಿಯದು ತಂದು ಹೊಡೆದೆ. ಕೊನೆಗೆ ಗಿಡವನ್ನೇ ಎಸೆದೆ. ಬಹಳ ದಿನ ಆದ ಮೇಲೆ ಗೊತ್ತಾಯಿತು: ಬದುಕಿದ್ದು ಸೀರಿಯಸ್, ಸತ್ತದ್ದು ಪಿಲೋಸೋಸೀರಿಯಸ್. ಮೊದಲನೆಯದು ತಂಪು ತಡೆಯುತ್ತದೆ, ಎರಡನೆಯದಕ್ಕೆ ಆಗುವುದಿಲ್ಲ. ನಾನು ರೋಗಕ್ಕೆ ಔಷಧಿ ಹುಡುಕುತ್ತಿದ್ದೆ, ತಪ್ಪು ಇದ್ದದ್ದು ಚೀಟಿಯಲ್ಲಿ.

ಹಾಗಾಗಿ ಇದು ಆ ಎರಡನೆಯ ಗಿಡದ ಬಗ್ಗೆ, ಅಂದರೆ ಪಿಲೋಸೋಸೀರಿಯಸ್ ಪ್ಯಾಕಿಕ್ಲೇಡಸ್ ಬಗ್ಗೆ. ನರ್ಸರಿಗಳಲ್ಲಿ ಇದಕ್ಕೆ ಅಝೂರಿಯಸ್ ಅಂತಲೂ ಚೀಟಿ ಅಂಟಿಸುತ್ತಾರೆ. ಅದು ಇದರದ್ದೇ ಇನ್ನೊಂದು ಹೆಸರು, ಗೊಂದಲ ಬೇಡ.

ಮುಂದೆ ಓದುವ ಮುಂಚೆ ಒಂದು ಕೆಲಸ ಮಾಡಿ. ಗಿಡದ ಬುಡವನ್ನು, ಮಣ್ಣಿಗೆ ತಾಗುವ ಜಾಗದಲ್ಲಿ, ಪೆನ್ಸಿಲಿನ ಹಿಂಭಾಗದಿಂದ ಸುತ್ತಲೂ ಒತ್ತಿ ನೋಡಿ. ಮರದ ಹಾಗೆ ಗಟ್ಟಿ ಇದ್ದರೆ ಆರಾಮಾಗಿ ಓದಿ. ಒತ್ತಿದ ಕಡೆ ಒಳಗೆ ಹೋದರೆ ಅಥವಾ ನೀರು ಜಿನುಗಿದರೆ ಉಳಿದದ್ದೆಲ್ಲ ಬಿಟ್ಟು, ಕೆಳಗೆ ಕತ್ತರಿಸುವ ಭಾಗಕ್ಕೆ ನೇರವಾಗಿ ಹೋಗಿ. ಕೊಳೆ ನಾಳೆಯವರೆಗೆ ಕಾಯುವುದಿಲ್ಲ.

ಮೊದಲು ಇದು ಯಾರು?

ನಮ್ಮ ಭಾಷೆಯಲ್ಲಿ ಒಂದು ತೊಡಕಿದೆ. ಮುಳ್ಳಿದ್ದು ರಸ ತುಂಬಿಕೊಂಡಿದ್ದರೆ ಸಾಕು, ಎಲ್ಲವೂ ಕಳ್ಳಿಯೇ. ಆದರೆ ಹಾಲು ಸುರಿಸುವ ಕಳ್ಳಿ ಯೂಫೋರ್ಬಿಯಾ ಜಾತಿಯದು, ಕ್ಯಾಕ್ಟಸ್‌ಗೂ ಅದಕ್ಕೂ ನೆಂಟಸ್ತನವೇ ಇಲ್ಲ. ಕಂಬದ ಉದ್ದಕ್ಕೂ ಎದ್ದು ನಿಂತ ಪಟ್ಟಿಗಳಿಗೆ ಏಣು ಅನ್ನುತ್ತೇನೆ. ಒಂದು ಮುಳ್ಳಿನ ತುದಿಯಿಂದ ಏಣಿನ ಅಂಚನ್ನು ಸಣ್ಣದಾಗಿ ಚುಚ್ಚಿ. ಬಿಳಿ ಹಾಲು ಬಂದರೆ ನಿಮ್ಮ ಕಂಬ ಯೂಫೋರ್ಬಿಯಾ. ಆ ಹಾಲು ಕೈಗೆ ಉರಿ, ಕಣ್ಣಿಗೆ ಅಪಾಯ. ಬೇಗ ತೊಳೆದುಕೊಳ್ಳಿ. ಹಾಲು ಬರುವ ಕ್ಯಾಕ್ಟಸ್‌ಗಳೂ ಇವೆ, ಆದರೆ ಅವು ಗುಂಡಗಿನ ಪುಟ್ಟ ಜಾತಿಗಳು. ಕಂಬದ ವಿಷಯದಲ್ಲಿ ಈ ಪರೀಕ್ಷೆ ಸಾಕು.

ಚುಚ್ಚಲು ಮನಸ್ಸಿಲ್ಲದಿದ್ದರೆ ಮುಳ್ಳಿನ ಬುಡ ನೋಡಿ. ಕ್ಯಾಕ್ಟಸ್‌ನಲ್ಲಿ ಮುಳ್ಳುಗಳು ಏರಿಯೋಲ್ ಅನ್ನುವ ಮೆತ್ತನೆಯ ಪುಟ್ಟ ದಿಂಬಿನಿಂದ ಗೊಂಚಲಾಗಿ ಬರುತ್ತವೆ. ಕಂಬದಂಥ ಯೂಫೋರ್ಬಿಯಾಗಳಲ್ಲಿ ದಿಂಬು ಇರುವುದಿಲ್ಲ, ಮುಳ್ಳು ಸಾಮಾನ್ಯವಾಗಿ ಜೋಡಿ ಜೋಡಿಯಾಗಿರುತ್ತವೆ.

ಸರಿ, ಕ್ಯಾಕ್ಟಸ್ ಅಂತಾಯಿತು. ಈಗ ನೀಲಿಯವರಲ್ಲಿ ಯಾರು?

ಪಿಲೋಸೋಸೀರಿಯಸ್‌ನ ಗುರುತು ಹೆಸರಲ್ಲೇ ಇದೆ. ಲ್ಯಾಟಿನ್‌ನಲ್ಲಿ ಪಿಲೋಸಸ್ ಅಂದರೆ ಕೂದಲಿರುವ. 1957ರಲ್ಲಿ ಬೈಲ್ಸ್ ಮತ್ತು ರೌಲಿ ಈ ಕುಲಕ್ಕೆ ಈ ಹೆಸರಿಟ್ಟರು. ದಿಂಬುಗಳು ಒಂದರ ಪಕ್ಕ ಒಂದು ಒತ್ತೊತ್ತಾಗಿ ಸಾಲು ಕಟ್ಟಿರುತ್ತವೆ. ತುದಿಯ ಹತ್ತಿರ ಅವುಗಳಲ್ಲಿ ಬಿಳಿ ಹತ್ತಿ, ಕೆಲವೊಮ್ಮೆ ಉದ್ದ ರೋಮ. ಹೊಸ ಮುಳ್ಳು ಜೇನಿನ ಬಣ್ಣ, ವಯಸ್ಸಾದಂತೆ ಬೂದಿ. ನೀಲಿ ಮೈಮೇಲೆ ಹಳದಿ ಮುಳ್ಳಿನ ಸಾಲು ಕಂಡರೆ ಬಹುತೇಕ ಇದೇ.

ಜಾಸ್ತಿ ಗೊಂದಲ ಆಗುವುದು ಮೆಕ್ಸಿಕೋದ ಮಿರ್ಟಿಲೋಕ್ಯಾಕ್ಟಸ್ ಜಿಯೋಮೆಟ್ರೈಜಾನ್ಸ್ ಜೊತೆ. ಅದರದ್ದು ಐದಾರು ಏಣು, ದಿಂಬುಗಳ ನಡುವೆ ದೂರ, ಹತ್ತಿ ಇಲ್ಲ ಅನ್ನುವಷ್ಟು ಕಡಿಮೆ, ಮುಳ್ಳು ಗಿಡ್ಡ ಮತ್ತು ಕಪ್ಪು. ಬೇರೆ ಕ್ಯಾಕ್ಟಸ್‌ಗಳನ್ನು ಕಸಿ ಕಟ್ಟಲು ಇದನ್ನು ಬುಡವಾಗಿ ಬಳಸುತ್ತಾರೆ, ಹಾಗಾಗಿ ಎಲ್ಲ ಕಡೆ ಸಿಗುತ್ತದೆ. ಇನ್ನು ಸೀರಿಯಸ್ ಹಿಲ್ಡ್‌ಮ್ಯಾನಿಯಾನಸ್. ಎಳೆಯದಾಗಿದ್ದಾಗ ಚೆನ್ನಾಗಿ ನೀಲಿಯಾಗಿರುತ್ತದೆ, ಬೆಳೆದಂತೆ ಹಸಿರಿಗೆ ತಿರುಗುತ್ತದೆ. ಏಣುಗಳು ತೆಳ್ಳಗೆ, ಆಳವಾಗಿ, ತಗಡನ್ನು ಮಡಚಿದ ಹಾಗೆ. ಮುಳ್ಳು ಕಡಿಮೆ. ನನ್ನ ಬದುಕುಳಿದ ಗಿಡ ಇದು. ಪೆರುವಿನ ಬ್ರೌನಿಂಜಿಯಾ ಹರ್ಟ್ಲಿಂಜಿಯಾನಾ ಕೂಡ ನೀಲಿಯೇ. ಅದರ ಏಣುಗಳು ನೇರ ಗೆರೆಯಾಗಿರದೆ ಗಂಟು ಗಂಟಾಗಿರುತ್ತವೆ. ಅಪರೂಪಕ್ಕೆ ಸಿಗುವ ಗಿಡ, ಸಿಕ್ಕರೆ ನೀವು ಅದೃಷ್ಟವಂತರು.

ಈ ಗುರುತು ಬರೀ ಹೆಸರಿನ ಹುಚ್ಚಿಗಲ್ಲ. ಪ್ಯಾಕಿಕ್ಲೇಡಸ್ ಪೂರ್ವ ಬ್ರೆಜಿಲ್‌ನ ಕಾಟಿಂಗಾ ಅನ್ನುವ ಕುರುಚಲು ಕಾಡಿನದು. ಅಲ್ಲಿ ಬರ ಇದೆ, ಬಿಸಿಲಿದೆ, ಚಳಿ ಇಲ್ಲ. ಕಂಬದ ಕ್ಯಾಕ್ಟಸ್ ಅಂದಕೂಡಲೇ ಕಣ್ಣ ಮುಂದೆ ಬರುವುದು ಅಮೆರಿಕ, ಮೆಕ್ಸಿಕೋಗಳ ಸೊನೋರನ್ ಮರುಭೂಮಿಯ ಸಾಗ್ವಾರೋ, ಅಲ್ವಾ? ಅದು ಆಗಾಗ ಬೀಳುವ ಹಿಮವನ್ನೂ ಸಹಿಸಿಕೊಳ್ಳುತ್ತದೆ. ಅದರ ಲೆಕ್ಕ ಇದಕ್ಕೆ ಹಾಕಿದರೆ ಗಿಡ ಹೋಯಿತು ಅಂತಲೇ.

ಕಂಬ ಒಂದು ದಿನಚರಿ

ಕಂಬಗಳ್ಳಿ ಬೆಳೆಯುವುದು ತುದಿಯಲ್ಲಿ ಮಾತ್ರ. ಒಮ್ಮೆ ಹುಟ್ಟಿದ ಭಾಗ ಸ್ವಲ್ಪ ದಪ್ಪವಾಗಬಹುದು, ನೀರು ಕುಡಿದು ಉಬ್ಬಬಹುದು, ಅಷ್ಟೇ. ಹಾಗಾಗಿ ಕಂಬದ ಎತ್ತರ ಅಂದರೆ ಕಾಲ. ಕೆಳಗಿನದು ಹಳೆಯದು, ಮೇಲಿನದು ಈ ತಿಂಗಳದು. ಆದ ಗಾಯ ಮಾಸುವುದೂ ಇಲ್ಲ. ಗಿಡ ತನಗೆ ಆದದ್ದನ್ನೆಲ್ಲ ಮೈಮೇಲೆ ಬರೆದುಕೊಂಡು ನಿಂತಿರುತ್ತದೆ. ಇದು ತಲೆಗೆ ಹೋದರೆ ಅರ್ಧ ಕೆಲಸ ಮುಗಿಯಿತು.

ಗುರುತು ಕಂಬವನ್ನು ಬಳೆಯ ಹಾಗೆ ಸುತ್ತಿದೆಯೋ, ಒಂದೇ ಪಕ್ಕಕ್ಕೆ ಇದೆಯೋ, ಬುಡದಿಂದ ಹತ್ತುತ್ತಿದೆಯೋ ಅಂತ ಮೊದಲು ನೋಡಿ. ಸುತ್ತಲೂ ಒಂದೇ ಎತ್ತರದಲ್ಲಿ ಇದ್ದರೆ ಅದು ಆ ಭಾಗ ತುದಿಯಾಗಿದ್ದ ಕಾಲದ ತೊಂದರೆ. ಒಂದೇ ಪಕ್ಕಕ್ಕೆ ಇದ್ದರೆ ಹೊರಗಿನಿಂದ ಬಂದದ್ದು, ಹೆಚ್ಚಾಗಿ ಬಿಸಿಲು. ಬುಡದಿಂದ ಏರುತ್ತಿದ್ದರೆ ಒಂದೋ ವಯಸ್ಸು, ಇಲ್ಲ ಕೊಳೆ.

ಬಳೆಯ ಹಾಗೆ ಸುತ್ತಿದ ಗುರುತು

ಸೊಂಟ ಸಣ್ಣದಾಗುವುದು ಇದರಲ್ಲಿ ಮೊದಲನೆಯದು. ಕೆಳಗೆ ದಪ್ಪ, ನಡುವೆ ಕುತ್ತಿಗೆ ಹಿಡಿದ ಹಾಗೆ ಸಪೂರ, ಮತ್ತೆ ಮೇಲೆ ದಪ್ಪ. ಬೆಳಕು ಕಡಿಮೆ ಇದ್ದ ತಿಂಗಳುಗಳಲ್ಲಿ ಗಿಡಕ್ಕೆ ನೀರು, ಬೆಚ್ಚಗಿನ ಗಾಳಿ ಎರಡೂ ಸಿಕ್ಕಿವೆ ಅಂತ ಅರ್ಥ. ಆ ಜಾಗದ ಬಣ್ಣವೂ ಹೇಳುತ್ತದೆ: ನೀಲಿ ಇರುವುದಿಲ್ಲ, ತಿಳಿಹಸಿರು. ಮುಳ್ಳೂ ಬಡಕಲು. ಇದನ್ನು ಗೊಬ್ಬರ ಹಾಕಿ ದಪ್ಪ ಮಾಡಲು ಆಗುವುದಿಲ್ಲ, ದಯವಿಟ್ಟು ಪ್ರಯತ್ನಿಸಬೇಡಿ. ಮೇಲಿನ ಭಾಗ ಭಾರವಾದಂತೆ ಕಂಬ ಅಲ್ಲೇ ಮುರಿಯುತ್ತದೆ. ಊರುಗೋಲು ಕಟ್ಟಿ, ಇಲ್ಲವೇ ಸೊಂಟದ ಮೇಲೆ ಕತ್ತರಿಸಿ ಬೇರು ಬರಿಸಿ. ಮುಂದಿನ ಸಲ ಬೆಳಕು ಕಡಿಮೆಯಾದಾಗ ನೀರೂ ಕಡಿಮೆ ಮಾಡಿ. ಬೆಳೆಯದೆ ನಿಂತ ಗಿಡಕ್ಕೆ ಏನೂ ಆಗುವುದಿಲ್ಲ.

ಎರಡನೆಯದು ಜೇಡನುಸಿ. ಇದೇ ಎಲ್ಲರನ್ನೂ ಏಮಾರಿಸುವುದು. ತುದಿಯ ಎಳೆ ಚರ್ಮದ ಮೇಲೆ ತುಕ್ಕು ಹಿಡಿದಂಥ ಕಂದು ಅಥವಾ ಬೂದು ಪುಡಿ ಬಣ್ಣ, ಉಗುರಿನಿಂದ ಕೆರೆದರೆ ಹೋಗುವುದಿಲ್ಲ. ಜನ ಇದನ್ನು ವಯಸ್ಸಾದ ತೊಗಟೆ ಅಂದುಕೊಂಡು ಸುಮ್ನೆ ಇರುತ್ತಾರೆ. ತೊಗಟೆ ಬುಡದಿಂದ ಬರುತ್ತದೆ, ನುಸಿ ತುದಿಯಿಂದ. ಒಂದು ಬಿಳಿ ಕಾಗದವನ್ನು ತುದಿಯ ಕೆಳಗೆ ಹಿಡಿದು, ಮುಳ್ಳುಗಳನ್ನು ಬ್ರಷ್‌ನಿಂದ ತಟ್ಟಿ. ಬಿದ್ದ ಧೂಳಿನ ಕಣದಲ್ಲಿ ಯಾವುದಾದರೂ ನಿಧಾನವಾಗಿ ನಡೆಯಲು ಶುರು ಮಾಡಿತೇ? ಬೆರಳಿನಿಂದ ಉಜ್ಜಿ. ಕೆಂಚು ಗೆರೆ ಮೂಡಿದರೆ ನುಸಿ.

ನುಸಿಗೆ ಎಂಟು ಕಾಲು, ಅದು ಕೀಟವಲ್ಲ. ಹಾಗಾಗಿ ಹೆಚ್ಚಿನ ಕೀಟನಾಶಕಗಳು ಅದಕ್ಕೆ ನಾಟುವುದಿಲ್ಲ, ಅದನ್ನು ತಿನ್ನುವ ಒಳ್ಳೆಯ ಹುಳುಗಳು ಮಾತ್ರ ಸಾಯುತ್ತವೆ. ಬೇರೆ ಗಿಡವಾಗಿದ್ದರೆ ಬೇವಿನ ಎಣ್ಣೆ ಹೊಡೆಯಿರಿ ಅನ್ನುತ್ತಿದ್ದೆ. ಇಲ್ಲಿ ಬೇಡ. ಈ ಗಿಡದ ನೀಲಿ ಒಂದು ಮೇಣದ ಪದರ. ಎಣ್ಣೆ, ಸೋಪು, ಸ್ಪಿರಿಟ್ ಮೂರೂ ಅದನ್ನು ಅಳಿಸುತ್ತವೆ, ಹಳೆಯ ಭಾಗದಲ್ಲಿ ಅದು ಮತ್ತೆ ಮೊದಲಿನ ಹಾಗೆ ಬರುವುದಿಲ್ಲ. ಬಿಸಿಲು ಏರುವ ಮುಂಚೆ ತುದಿಗೆ ಜೋರಾಗಿ ನೀರು ಚಿಮುಕಿಸಿ. ಮೂರು ನಾಲ್ಕು ದಿನಕ್ಕೊಮ್ಮೆ, ಎರಡು ಮೂರು ವಾರ. ಮೊಟ್ಟೆಗಳು ಒಡೆಯುತ್ತಲೇ ಇರುತ್ತವೆ, ಹಾಗಾಗಿ ಒಂದು ಸಲ ಮಾಡಿ ಬಿಟ್ಟರೆ ಪ್ರಯೋಜನವಿಲ್ಲ. ಕುಂಡದ ಬಾಯಿಯನ್ನು ಪ್ಲಾಸ್ಟಿಕ್‌ನಿಂದ ಮುಚ್ಚಿಕೊಂಡು ಮಾಡಿ, ಇಲ್ಲದಿದ್ದರೆ ನುಸಿಗೆ ಹೊಡೆದ ನೀರು ಬೇರು ಕೊಳೆಸುತ್ತದೆ. ನೀರಿಗೆ ಜಗ್ಗದಿದ್ದರೆ ನುಸಿನಾಶಕವೇ ಬೇಕು. ನೀರಲ್ಲಿ ಕರಗುವ ಗಂಧಕವೂ ಆಗುತ್ತದೆ, ಆದರೆ 32 ಡಿಗ್ರಿ ಸೆಲ್ಸಿಯಸ್ ದಾಟಿದ ದಿನ ಅದನ್ನು ಹೊಡೆಯಬೇಡಿ, ಗಿಡ ಸುಡುತ್ತದೆ.

ಒಂದೇ ಪಕ್ಕಕ್ಕೆ ಇರುವ ಗುರುತು

ಬಿಸಿಲಿನತ್ತ ಮುಖ ಮಾಡಿದ ಕಡೆ ಮೊದಲು ಬಿಳಿಚಿದ ಹಳದಿ, ಆಮೇಲೆ ಒಣಗಿ ರಟ್ಟಿನ ಹಾಗೆ. ಒಳಗೆ ಇಟ್ಟಿದ್ದ ಗಿಡವನ್ನು ಒಂದೇ ದಿನ ಹೊರಗಿನ ಬಿಸಿಲಿಗೆ ತಂದಿದ್ದೀರಿ. ಬಿಸಿಲುನಾಡಿನ ಗಿಡಕ್ಕೂ ಬಿಸಿಲು ಹೊಡೆಯುತ್ತದೆ ಅಂದರೆ ನಂಬುವುದು ಕಷ್ಟ. ಎರಡರಿಂದ ನಾಲ್ಕು ವಾರ ತೆಗೆದುಕೊಂಡು, ಬೆಳಗಿನ ಬಿಸಿಲಿನಿಂದ ಶುರು ಮಾಡಿ ಅಭ್ಯಾಸ ಮಾಡಿಸಬೇಕು. ನಾನು ಕುಂಡದ ಅಂಚಿಗೆ ಸುಣ್ಣದ ಬೊಟ್ಟು ಇಟ್ಟಿರುತ್ತೇನೆ. ಗಿಡ ಸರಿಸಿದರೆ ಬೊಟ್ಟು ಮತ್ತೆ ಅದೇ ದಿಕ್ಕಿಗೆ ಬರಬೇಕು.

ನೀಲಿ ಮೈಮೇಲೆ ಬೆರಳಚ್ಚಿನ ಹಾಗೆ ಹಸಿರು ಕಲೆ ಇದ್ದರೆ ಅದು ಬೆರಳಚ್ಚೇ. ಯಾರೋ ಪ್ರೀತಿಯಿಂದ ಮುಟ್ಟಿದ್ದಾರೆ. ರೋಗವಲ್ಲ.

ಚುಕ್ಕೆ ಚುಕ್ಕೆಯಾಗಿ ಕಿತ್ತಳೆ ಅಥವಾ ಕಂದು ಕಲೆ, ಮುಟ್ಟಿದರೆ ಗಟ್ಟಿ, ಚಳಿಯ ನಂತರ ಕಾಣಿಸಿತೇ? ಇದೇ ನಾನು ರೋಗ ಅಂದುಕೊಂಡಿದ್ದು. ಈ ಗಿಡಕ್ಕೆ 10 ಡಿಗ್ರಿಗಿಂತ ಕೆಳಗೆ ಹೋಗುವುದು ಇಷ್ಟವಿಲ್ಲ, ಮಣ್ಣು ಒದ್ದೆ ಇದ್ದರಂತೂ ಇನ್ನೂ ಇಲ್ಲ. ಒಣಗಿದ ಮಣ್ಣಿನಲ್ಲಿ ಒಂದೆರಡು ತಂಪು ರಾತ್ರಿ ಕಳೆದೀತು, ಒದ್ದೆ ಮಣ್ಣಿನಲ್ಲಿ ಅಂಥದೇ ರಾತ್ರಿಗೆ ಬೇರು ಸಾಯಬಹುದು. ಚುಕ್ಕೆ ಗಟ್ಟಿ ಇದ್ದು ಹರಡದಿದ್ದರೆ ಬೆಚ್ಚಗಿನ ಜಾಗಕ್ಕೆ ಸರಿಸಿ, ನೀರು ನಿಲ್ಲಿಸಿ, ಅಷ್ಟೇ. ಚುಕ್ಕೆ ದಿನದಿನಕ್ಕೆ ದೊಡ್ಡದಾಗಿ ಮೆತ್ತಗಾದರೆ ಅದು ಚಳಿಯ ಕಲೆಯಲ್ಲ, ಕೊಳೆ.

ಉದ್ದಕ್ಕೆ ಸೀಳಿದ್ದರೆ ಗಾಬರಿ ಬೇಡ. ಬಹಳ ದಿನ ಒಣಗಿಸಿ ಒಮ್ಮೆಲೇ ನೀರು ಸುರಿದಾಗ ಹೀಗಾಗುತ್ತದೆ. ಸೀಳು ಒಣಗಲು ಬಿಡಿ.

ಬಿಳಿ ಹತ್ತಿಯ ವಿಷಯ

ದಿಂಬಿನ ಮೇಲೆ ಬಿಳಿ ಹತ್ತಿ ನೋಡಿ ಹಿಟ್ಟು ತಿಗಣೆ (ಬಿಳಿ ಹಿಟ್ಟು ಮೆತ್ತಿಕೊಂಡಿರುವ, ರಸ ಹೀರುವ ಹುಳ) ಅಂತ ಉಜ್ಜಿ ಕಿತ್ತವರನ್ನು ಬಲ್ಲೆ. ನಾನೂ ಕಿತ್ತಿದ್ದೇನೆ. ಗಿಡ ಬೆಳೆದು ಹೂವಿಗೆ ತಯಾರಾದಂತೆ ತುದಿಯ ಕಡೆ ಹತ್ತಿ, ರೋಮ ಎರಡೂ ದಟ್ಟವಾಗುತ್ತವೆ. ಹೂವು ಬರುವುದು ಅಲ್ಲಿಂದಲೇ. ರಾತ್ರಿ ಅರಳುವ ಹೂವು, ಕಾಡಿನಲ್ಲಿ ಅದರ ಅತಿಥಿ ಬಾವಲಿ. ಹತ್ತಿ ಕಿತ್ತವರು ಹೂವಿಗೆ ಇನ್ನೊಂದಷ್ಟು ಕಾಲ ಕಾಯಬೇಕು.

ವ್ಯತ್ಯಾಸ ಸುಲಭ. ಗಿಡದ ಹತ್ತಿ ಒಣ, ಸರಿಯಾಗಿ ದಿಂಬಿನ ಮೇಲೆಯೇ, ಸಾಲಾಗಿ. ತಿಗಣೆ ಎಲ್ಲೆಂದರಲ್ಲಿ, ಹೆಚ್ಚಾಗಿ ಏಣುಗಳ ಸಂದಿಯಲ್ಲಿ, ಕಡ್ಡಿಯಿಂದ ಒತ್ತಿದರೆ ರಸ ಒಡೆಯುತ್ತದೆ. ಇರುವೆ ಓಡಾಡುತ್ತಿದ್ದರೆ ಅನುಮಾನ ಜಾಸ್ತಿ ಮಾಡಿ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಸ್ಪಿರಿಟ್‌ಗೆ ಅದ್ದಿ ಹುಳಕ್ಕೆ ಮಾತ್ರ ತಾಗಿಸಿ. ಮೈಗೆಲ್ಲ ಒರೆಸಿದರೆ ನೀಲಿ ಹೋಗುತ್ತದೆ.

ಏನೂ ಗುರುತಿಲ್ಲ, ಆದರೆ ಬೆಳೆಯುತ್ತಲೂ ಇಲ್ಲ

ಬಿಸಿಲಿದೆ, ಬೆಚ್ಚಗಿದೆ, ನೀರು ಕೊಡುತ್ತಿದ್ದೀರಿ. ಆದರೂ ಏಣು ಒಳಗೆ ಸೇದಿಕೊಂಡು ಗಿಡ ಸೊರಗಿದೆ. ಆಗ ಎಲ್ಲರೂ ಇನ್ನಷ್ಟು ನೀರು ಹಾಕುತ್ತಾರೆ. ನಿಲ್ಲಿ. ನೀರು ಇದ್ದೂ ಸುಕ್ಕು ಅಂದರೆ ಕುಡಿಯಲು ಬೇರಿಲ್ಲ. ಕಂಬವನ್ನು ದಪ್ಪ ಬಟ್ಟೆ ಸುತ್ತಿ ಹಿಡಿದು ಮೆಲ್ಲಗೆ ಅಲುಗಾಡಿಸಿ. ಸಡಿಲ ಹಲ್ಲಿನ ಹಾಗೆ ಅಲುಗಾಡಿದರೆ ಹೊರಗೆ ತೆಗೆಯಿರಿ.

ಹೀಗೆ ಒಂದು ಗಿಡವನ್ನು ತೆಗೆದಾಗ ಕಂಡದ್ದು ಇನ್ನೂ ಕಣ್ಣಲ್ಲಿದೆ. ಹೊರಗಿನ ಮಣ್ಣು ನಾನೇ ಹಾಕಿದ್ದು. ಪುಡಿಪುಡಿ, ಒಣ, ಒಳ್ಳೆಯ ಮಣ್ಣು. ಅದನ್ನು ಉದುರಿಸಿದಾಗ ನಡುವೆ ನಿಂಬೆಗಾತ್ರದ ಕಪ್ಪು ಉಂಡೆ. ನರ್ಸರಿಯಲ್ಲಿ ಸಸಿ ಮಾಡುವಾಗ ಬಳಸಿದ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಅದರ ಸುತ್ತ ತೆಳ್ಳನೆಯ ಬಲೆಬಟ್ಟೆ. ಹೊರಗಿನ ಮಣ್ಣು ಒಣಗಿ ಹತ್ತು ದಿನವಾಗಿತ್ತು, ಉಂಡೆ ಹಿಂಡಿದರೆ ನೀರು. ಬೇರುಗಳೆಲ್ಲ ಅದರೊಳಗೆ ಕಂದಾಗಿ ನಾರಾಗಿದ್ದವು. ಮೇಲಿನ ಮಣ್ಣು ಮುಟ್ಟಿ ನೋಡಿ ನೀರು ಕೊಡುವವರಿಗೆ ಇದು ಎಂದೂ ಗೊತ್ತಾಗುವುದಿಲ್ಲ. ಅಂದಿನಿಂದ ಹೊಸ ಗಿಡ ಬಂದರೆ ಮೊದಲು ಆ ಉಂಡೆ ಬಿಡಿಸುತ್ತೇನೆ. ಬಲೆ ಕತ್ತರಿಸಿ, ಕಡ್ಡಿಯಿಂದ ಕೆದಕಿ, ಬೇರು ಸ್ವಲ್ಪ ಹರಿದರೂ ಪರವಾಗಿಲ್ಲ. ಹರಿದ ಬೇರು ಒಣಗಲು ಒಂದು ವಾರ ಬಿಟ್ಟು ನೆಡುತ್ತೇನೆ, ಮತ್ತೊಂದು ವಾರ ಬಿಟ್ಟು ನೀರು.

ಬೇರಿನ ಮೇಲೆ, ಕುಂಡದ ಒಳಗೋಡೆಯ ಮೇಲೆ ಬಿಳಿ ಮೇಣದ ಪುಡಿ ಇದ್ದರೆ ಬೇರು ತಿಗಣೆ. ಮಣ್ಣಿಗೆ ಬೆರೆಸುವ ಬಿಳಿ ಹಗುರ ಕಲ್ಲು ಪರ್ಲೈಟ್, ಅದರ ಚೂರು ಬೆರಳಿಗೆ ಗರಗರ ಅನ್ನುತ್ತದೆ, ತಿಗಣೆಯದು ಜಿಡ್ಡು. ಮಣ್ಣು ಪೂರ್ತಿ ಎಸೆಯಿರಿ, ಬೇರು ತೊಳೆಯಿರಿ, ಕುಂಡವನ್ನು ಬಿಸಿನೀರಿನಲ್ಲಿ ಉಜ್ಜಿ.

ತುದಿ ಹಳದಿಯಾಗಿ ಬೆಳವಣಿಗೆ ನಿಂತಿದ್ದು, ಬೇರು ಚೆನ್ನಾಗಿದ್ದರೆ ನೀರಿನ ಮೇಲೆ ಅನುಮಾನಪಡಿ. ಗಡಸು ನೀರು ವರ್ಷಗಟ್ಟಲೆ ಹಾಕಿದರೆ ಮಣ್ಣು ಕ್ಷಾರವಾಗುತ್ತದೆ, ಆಗ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗುವುದಿಲ್ಲ. ಹೊಸ ಮಣ್ಣು, ಮಳೆನೀರು.

ಬುಡದಿಂದ ಏರುವ ಗುರುತು, ಮತ್ತು ಚಾಕು

ಬುಡದ ಚರ್ಮ ಕಂದಾಗಿ, ಒಣಗಿ, ತೊಗಟೆಯ ಹಾಗೆ ಆಗಿದೆ, ಒತ್ತಿದರೆ ಕಲ್ಲು. ಇದು ವಯಸ್ಸು. ಭಾರ ಹೊರಲು ಗಿಡ ಮರವಾಗುತ್ತಿದೆ, ಬಿಡಿ.

ಬುಡ ಕಪ್ಪಾಗಿ ಅಥವಾ ನೀರು ತುಂಬಿದ ಹಾಗೆ ಹೊಳೆದು, ಒತ್ತಿದರೆ ಕುಸಿದರೆ ಕೊಳೆ. ಫ್ಯುಸೇರಿಯಂ ಅನ್ನುವ ಶಿಲೀಂಧ್ರ ಇರಬಹುದು, ಶಿಲೀಂಧ್ರದಂಥದ್ದೇ ಫೈಟಾಫ್ತೋರಾ ಇರಬಹುದು, ಕೆಟ್ಟ ವಾಸನೆ ಇದ್ದರೆ ಬ್ಯಾಕ್ಟೀರಿಯಾ ಇರಬಹುದು. ಯಾವುದಾದರೂ ಮಾಡುವ ಕೆಲಸ ಒಂದೇ. ಒಳಗೆ ಹೊಕ್ಕ ಕೊಳೆಯನ್ನು ಮೇಲೆ ಹೊಡೆದ ಔಷಧಿ ತಲುಪುವುದಿಲ್ಲ, ಎರಡು ಬಾಟಲಿ ಖಾಲಿ ಮಾಡಿ ಕಲಿತ ಪಾಠ.

ಉದ್ದನೆಯ ತೆಳು ಚಾಕು ಬೇಕು. ಸ್ಪಿರಿಟ್‌ನಲ್ಲಿ ಒರೆಸಿ. ಕೊಳೆ ಕಂಡ ಜಾಗಕ್ಕಿಂತ ನಾಲ್ಕು ಬೆರಳು ಮೇಲೆ ಅಡ್ಡಕ್ಕೆ ಕತ್ತರಿಸಿ. ಕತ್ತರಿಸಿದ ಮುಖ ನಕ್ಷತ್ರದ ಹಾಗೆ ಕಾಣುತ್ತದೆ. ಅಂಚಿನಲ್ಲಿ ಹಸಿರು, ಒಳಗೆ ತಿಳಿ ತಿರುಳು, ನಡುವೆ ನಾರಿನ ಒಂದು ಉಂಗುರ. ಆ ಉಂಗುರವನ್ನೇ ನೋಡಿ. ಅದರಲ್ಲಿ ಸೂಜಿಮೊನೆಯಷ್ಟು ಕಿತ್ತಳೆ ಅಥವಾ ಕೆಂಚು ಚುಕ್ಕೆ ಇದ್ದರೂ ಕೊಳೆ ಮೇಲೆ ಹೋಗಿದೆ ಅಂತ ಲೆಕ್ಕ. ತಿರುಳು ಎಷ್ಟೇ ಚೆಂದ ಕಂಡರೂ ನಂಬಬೇಡಿ. ಚಾಕು ಮತ್ತೆ ಒರೆಸಿ, ಇನ್ನೊಂದು ಬೆರಳು ಮೇಲೆ. ಮತ್ತೆ ಚುಕ್ಕೆ ಇದ್ದರೆ ಮತ್ತೆ. ಪ್ರತಿ ಸಲವೂ ಒರೆಸಬೇಕು, ಇಲ್ಲದಿದ್ದರೆ ರೋಗವನ್ನು ನೀವೇ ಮೇಲಕ್ಕೆ ಹೊತ್ತಂತೆ. ಒಂದು ಸಲ ಮೊಳದುದ್ದ ಕಂಬದಲ್ಲಿ ಕೊನೆಗೆ ಉಳಿದದ್ದು ಮುಷ್ಟಿಯಷ್ಟು ತುದಿ. ಅದು ಬದುಕಿತು.

ಚುಕ್ಕೆಯಿಲ್ಲದ ಮುಖ ಸಿಕ್ಕ ಮೇಲೆ ಏಣುಗಳ ಅಂಚನ್ನು ಪೆನ್ಸಿಲ್ ಕೆತ್ತಿದ ಹಾಗೆ ಓರೆಯಾಗಿ ಕತ್ತರಿಸಿ. ಗಾಯ ಒಣಗುವಾಗ ನಡುಭಾಗ ಒಳಕ್ಕೆ ಸೇದಿಕೊಳ್ಳುತ್ತದೆ. ಅಂಚು ಓರೆ ಇದ್ದರೆ ಬೇರು ಬರುವ ಉಂಗುರ ಕೆಳಗೆ ಉಳಿದು ಮಣ್ಣಿಗೆ ತಾಗುತ್ತದೆ. ಗಂಧಕದ ಪುಡಿ ಉದುರಿಸಿ, ನೆರಳಲ್ಲಿ, ಗಾಳಿಯಾಡುವ ಕಡೆ ನೆಟ್ಟಗೆ ನಿಲ್ಲಿಸಿ. ಮಲಗಿಸಿದರೆ ಕಂಬ ಡೊಂಕಾಗುತ್ತದೆ, ಪಕ್ಕದಿಂದ ಬೇರು ಬರುತ್ತದೆ. ಖಾಲಿ ಕುಂಡದ ಬಾಯಿಗೆ ಇಳಿಬಿಟ್ಟರೆ ಸರಿಯಾಗಿ ನಿಲ್ಲುತ್ತದೆ. ಬೆಚ್ಚಗಿನ ದಿನಗಳಲ್ಲಿ ಎರಡು ಮೂರು ವಾರ, ದಪ್ಪ ಕಂಬಕ್ಕೆ ಇನ್ನೂ ಜಾಸ್ತಿ. ಗಾಯ ಮರದ ಹಲಗೆಯ ಹಾಗೆ ಗಟ್ಟಿಯಾದ ಮೇಲೆ ಒಣ ಮಣ್ಣಿನ ಮೇಲೆ ಕೂರಿಸಿ. ಬೇರು ಹಿಡಿಯುವ ತನಕ ಬರೀ ತೇವ.

ಮಣ್ಣಿನಲ್ಲಿ ಮೂರರಲ್ಲಿ ಎರಡು ಪಾಲು ಪ್ಯೂಮಿಸ್ (ತೂತುತೂತಾದ ಹಗುರ ಕಲ್ಲು), ಪರ್ಲೈಟ್, ಸಣ್ಣ ಜಲ್ಲಿ ಇಂಥವು ಇರಲಿ. ಕುಂಡ ಬೇರಿನ ಗಾತ್ರಕ್ಕಿಂತ ಎರಡು ಬೆರಳು ಅಗಲ ಇದ್ದರೆ ಸಾಕು. ದೊಡ್ಡ ಕುಂಡದಲ್ಲಿ ಬೇರಿಲ್ಲದ ಮಣ್ಣು ಒಣಗುವುದೇ ಇಲ್ಲ.

ಔಷಧಿಯೋ ಚಾಕುವೋ ಏನೇ ಮಾಡಿರಿ, ಅಂದೇ ತುದಿಯ ಕೆಳಗಿನ ಒಂದು ಮುಳ್ಳಿಗೆ ಬಣ್ಣದ ದಾರ ಕಟ್ಟಿ. ಹಳೆಯ ಕಲೆ ಹೋಯಿತೇ ಅಂತ ದಿನಾ ನೋಡಿ ಪ್ರಯೋಜನವಿಲ್ಲ, ಅದು ಹೋಗುವುದಿಲ್ಲ. ಎರಡು ತಿಂಗಳ ನಂತರ ದಾರದ ಮೇಲಿನದನ್ನು ಮಾತ್ರ ನೋಡಿ. ಅಲ್ಲಿ ನೀಲಿ ಚರ್ಮ, ಜೇನುಬಣ್ಣದ ಮುಳ್ಳು ಬಂದಿದ್ದರೆ ಸರಿಹೋಗಿದೆ. ಸೊಂಟ ಸಣ್ಣದಾದ ಕಾರಣಕ್ಕೆ ಕತ್ತರಿಸಿದ್ದಾದರೆ ಕೆಳಗಿನ ಮೋಟು ಬುಡವನ್ನು ಎಸೆಯಬೇಡಿ. ಬೇರು ಚೆನ್ನಾಗಿದ್ದರೆ ಮೇಲಿನ ದಿಂಬುಗಳಿಂದ ಎರಡು ಮೂರು ಮರಿ ಒಡೆಯುತ್ತವೆ.